ಪಟದಲ್ಲಿರುವ ಬಾಯಿ

ಬೆಳಕು ಹರಿಯುವ ಮುಂಚೆಯೇ ದಂತ ಕಾಲೇಜಿನ ಹಿಂಬಾಗಿಲ ನಲ್ಲಿಯ ಬಳಿ ನಮ್ಮ 'ಹಲ್ಲಜ್ಜಿ' ಕೂತಿದ್ದಾರೆ. ಮಡಿಲಲ್ಲಿ ಕುಂಬಳಕಾಯಿಯಷ್ಟು ದೊಡ್ಡ ಪ್ಲಾಸ್ಟಿಕ್ ದವಡೆ. ನಿನ್ನೆ ಹೋಗಿದ್ದ ಶಾಲೆಯ ಮಕ್ಕಳು ಅದಕ್ಕೆ ಬ್ರಷ್ ತಿಕ್ಕಿ ತಿಕ್ಕಿ ಪೇಸ್ಟ್ ಮೆತ್ತಿಬಿಟ್ಟಿದ್ದಾರೆ. "ಮನೇಲೂ ಹಿಂಗೇ ಉಜ್ಜಿದ್ರೆ ನಮ್ಮ ಡಾಕ್ಟರು ನೊಣ ಹೊಡೀಬೇಕಾಗಿತ್ತು" ಎನ್ನುತ್ತಾ ತೊಳೆಯುತ್ತಾರೆ.

ಹಲ್ಲಜ್ಜಿ ಎಂಬುದು ಮಕ್ಕಳಿಟ್ಟ ಹೆಸರು, ಕೆಲಸ ಅಟೆಂಡರ್‌ದು. ಹಾಲುಹಲ್ಲಿಗೆ ಫ್ಲೋರೈಡ್ ಬಳಿದರೆ ಹುಳುಕು ಎಷ್ಟು ಕಾಲ ದೂರವಿರುತ್ತದೆ ಎಂದು ಕಾಲೇಜು ಶಾಲೆ ಶಾಲೆ ಸುತ್ತಿ ಸಂಶೋಧನೆ ನಡೆಸುತ್ತಿದೆ. ಬಳಿಯುವವರು ಡಾಕ್ಟರು, ಬಾಯಿ ತೆರೆಸುವವರು ಈಕೆ. ಹಟಮಾರಿ ಮಗುವಿನ ಗಲ್ಲ ಹಿಡಿದು, "ನಾಲಿಗೆ ಮನೇಲೇ ಬಿಟ್ಬಂದ್ಯಾ?" ಎಂದರೆ ಸಾಕು, ಮಗು ನಾಲಿಗೆ ಚಾಚುತ್ತದೆ.

ಅವರ ಬಗ್ಗೆ ಪತ್ರಿಕೆಗೆ ಬರೆಯಲು ಜೊತೆಗೆ ಹೊರಟಿರುವ ನಾನು, ವ್ಯಾನಿನಲ್ಲಿ ಅವರು ಮಕ್ಕಳಿಗೆ ತೋರಿಸುವ ಪಾಠದ ಪಟ ಬಿಚ್ಚಿ ನೋಡುತ್ತೇನೆ. ಒಂದು ಕೂಸಿನ ಬಾಯಿಯಷ್ಟೇ ಇರುವ ಫೋಟೊ. ಮುಂದಿನ ಹಲ್ಲುಗಳೆಲ್ಲ ಕರಿ ಮೊಂಡು. "ಅಯ್ಯೋ, ಇದ್ಯಾರ ಮನೆ ಕೂಸು?" ಎಂದು ನಗುತ್ತೇನೆ.

"ನಮ್ಮನೇದೇ. ಮಗಳ ಮಗಳು" ಎಂದು ಅವರು ಕಿಟಕಿಯತ್ತ ತಿರುಗುತ್ತಾರೆ. ನಾಚಿಕೆಯಿಂದ ನನ್ನ ತಲೆ ತಗ್ಗುತ್ತದೆ.

ಮಗಳಿಗೆ ರಾತ್ರಿಪಾಳಿ. ಕೂಸು ಅಜ್ಜಿಯ ಪಕ್ಕ ಮಲಗುತ್ತಿತ್ತು. "ನಿದ್ದೆ ಕೆಟ್ರೆ ಬೆಳಗ್ಗೆ ಏಳಕ್ಕಾಗಲ್ಲ ಅಂತ ಸಕ್ಕರೆ ಹಾಲಿನ ಬಾಟ್ಲಿ ಬಾಯಿಗಿಟ್ಟು ಮಲಗಿಸ್ತಿದ್ದೆ. ಹಾಲುಹಲ್ಲು ತಾನೇ, ಉದುರೋದೇ ಅಂದ್ಕೊಂಡೆ. ಇಲ್ಲೇ ಕೆಲಸ ಮಾಡ್ಕೊಂಡು! ಇದನ್ನೂ ಬರೀರಿ." ದೀಪದ ಬುಡದಲ್ಲೇ ಕತ್ತಲು. ನೋವು ತಾಳದೆ ಕೂಸು ಗೋಡೆಗೆ ತಲೆ ಚಚ್ಚಿಕೊಂಡಾಗಲೇ ಕಾಲೇಜಿಗೆ ಕರೆತಂದದ್ದು. ಪಾಠಕ್ಕೆ ಫೋಟೊ ಬೇಕೆಂದು ಡಾಕ್ಟರು ಕೇಳಿದಾಗ ಇಲ್ಲವೆನ್ನಲು ಬಾಯಿ ಬರಲಿಲ್ಲ.

ಇವತ್ತು ವ್ಯಾನ್ ಹೊರಟಿರುವುದು ಆ ಮೊಮ್ಮಗಳ ಶಾಲೆಗೇ. ಪಟದಲ್ಲಿರುವುದು ತಾನೆಂದು ಅವಳಿಗೆ ಗೊತ್ತಿಲ್ಲ. "ಗೊತ್ತಾದ್ರೆ ನನ್ನ ಹತ್ರ ಬರ್ತಾಳೋ ಇಲ್ವೋ" ಎನ್ನುತ್ತಾರೆ ಹಲ್ಲಜ್ಜಿ.

ಒಂದನೇ ತರಗತಿಯಲ್ಲಿ ಅವರು ಪಟ ಎತ್ತಿ ಹಿಡಿದಾಗ ಮಕ್ಕಳೆಲ್ಲ "ಛೀ" ಎನ್ನುತ್ತಾರೆ. ಮೊಮ್ಮಗಳದ್ದೇ ದೊಡ್ಡ ದನಿ. ಕರಿ ಹಲ್ಲು ಉದುರಿ ಹೊಸದು ಇಣುಕುತ್ತಿರುವ ಬಾಯಿಯ ತುಂಬ ನಗು.

"ಇದು ಆ ಪಾಪುವಿನ ತಪ್ಪಾ?" ಡಾಕ್ಟರು ಕೇಳುತ್ತಾರೆ.

"ಅಲ್ಲ, ಅವರಮ್ಮಂದು" ಎಂದು ಮೊಮ್ಮಗಳೇ ಮೊದಲು ಹೇಳುತ್ತಾಳೆ.

"ಅಮ್ಮಂದಲ್ಲ ಕಣೇ, ಅಜ್ಜೀದು" ಎನ್ನುತ್ತಾರೆ ಹಲ್ಲಜ್ಜಿ.

"ಯಾವ ಅಜ್ಜಿ?"

"ನಾನೇ."

ಹುಡುಗಿ ಪಟ ನೋಡುತ್ತಾಳೆ, ಅಜ್ಜಿಯನ್ನು ನೋಡುತ್ತಾಳೆ. ಕೈ ಮೆಲ್ಲಗೆ ಬಾಯಿಗೆ ಹೋಗುತ್ತದೆ. ಹಲ್ಲಜ್ಜಿ ಬೆಂಚಿನ ಬಳಿ ಬಗ್ಗಿ ಆ ಕೈ ಸರಿಸುತ್ತಾರೆ.

"ಮುಚ್ಕೋಬೇಡ ಕಂದ. ನಾಚ್ಕೋಬೇಕಾದವಳು ನಾನು."