ಭಾವ ಅಂದವನಿಗೆ ಪಾಸ್ ಕೊಟ್ಟೆ

ನನಗೆ ಫುಟ್‌ಬಾಲ್ ಕಲಿಸಿದ್ದು ಒಂದು ಫೋನು ಮತ್ತು ನಮ್ಮ ಬೀದಿಯ ಅಕ್ಕಿ ಗಿರಣಿಯ ಹಿಂದಿನ ಗೋಡೆ. ವಿಡಿಯೋವನ್ನು ನಿಧಾನ ಮಾಡಿಕೊಂಡು ನೋಡುವುದು, ಹೋಗಿ ಗೋಡೆಗೆ ಒದೆಯುವುದು, ಮತ್ತೆ ಬಂದು ನೋಡುವುದು. ಗೋಡೆಯಷ್ಟು ಒಳ್ಳೆಯ ಜೊತೆಗಾರ ಆಮೇಲೆ ನನಗೆ ಸಿಗಲೇ ಇಲ್ಲ. ಕೊಟ್ಟ ಚೆಂಡನ್ನು ಪ್ರತಿ ಸಲ ವಾಪಸ್ ಕೊಡುತ್ತಿತ್ತು. ನಂಜನಗೂಡಿನಲ್ಲಿ ಕಾಲೇಜು ಸೇರಿದ ಮೇಲೆ ಪಿ.ಟಿ. ಮೇಷ್ಟ್ರ ಬೆನ್ನು ಬಿದ್ದು ಒಂದು ತಂಡ ಕಟ್ಟಿಸಿದೆ. ಹನ್ನೊಂದರಲ್ಲಿ ಎಂಟು ಜನ ಕಬಡ್ಡಿಯವರು. ಎದುರಾಳಿ ಚೆಂಡು ತಂದರೆ ಮೊದಲು ಅವನ ಕಾಲು ಹಿಡಿಯುತ್ತಿದ್ದರು, ಆಮೇಲೆ ಚೆಂಡು ಎಲ್ಲಿದೆ ಎಂದು ನೋಡುತ್ತಿದ್ದರು.

ಆ ಸೀಸನ್ನಿನಲ್ಲಿ ನಾಲ್ಕು ಪಂದ್ಯ ಆಡಿ ನಾಲ್ಕನ್ನೂ ಸೋತೆವು. ಒಂದು ಗೋಲೂ ಹೊಡೆಯಲಿಲ್ಲ. ಉಳಿದಿದ್ದು ಕೊನೆಯದು, ಟಿ. ನರಸೀಪುರದ ಹುಡುಗರ ಮೇಲೆ, ಅವರದೇ ಮೈದಾನದಲ್ಲಿ. ಹೋಗುವಾಗ ಬಸ್ಸಿನಲ್ಲಿ ಮೇಷ್ಟ್ರು ಎದ್ದು ನಿಂತರು.

"ಗೆಲ್ಲಿ ಅಂತ ಕೇಳ್ತಿಲ್ಲ ಕಣ್ರಪ್ಪಾ. ಒಂದು ಗೋಲು. ಒಂದೇ ಒಂದು. ಅದೂ ಆಗ್ಲಿಲ್ಲ ಅಂದ್ರೆ ಈ ಟೀಮ್ ಇವತ್ತಿಗೆ ಮುಗೀತು, ಎಲ್ರೂ ಕಬಡ್ಡಿಗೆ ನಡೀರಿ."

ಎಂಟು ಜನಕ್ಕೆ ಅದರಿಂದ ಕಳೆದುಕೊಳ್ಳುವುದೇನಿರಲಿಲ್ಲ. ಆದರೆ ನನಗೆ ಬರುತ್ತಿದ್ದ ಆಟ ಇದೊಂದೇ.

ನಮ್ಮಲ್ಲಿ ಮೈದಾನಕ್ಕಿಳಿದರೆ ಯಾರೂ ಯಾರ ಹೆಸರನ್ನೂ ಕೂಗುತ್ತಿರಲಿಲ್ಲ. ಎಲ್ಲರೂ ಎಲ್ಲರಿಗೂ ಭಾವ. ರಕ್ತಸಂಬಂಧ ಬೇಕಿಲ್ಲ, ಸಲಿಗೆ ಇದ್ದರೆ ಸಾಕು. ಬೆನ್ನ ಹಿಂದೆ "ಬಾವ" ಎಂದು ಕೇಳಿದರೆ ತಲೆ ಎತ್ತದೆ ಆ ಕಡೆಗೆ ಚೆಂಡು ತಳ್ಳಬೇಕು. ಇಡೀ ವರ್ಷ ಅಭ್ಯಾಸ ಮಾಡಿದ್ದು ಇದನ್ನೇ.

ಆದರೆ ನನ್ನ ಸೋದರತ್ತೆಯನ್ನು ಕೊಟ್ಟಿರುವುದು ಟಿ. ನರಸೀಪುರಕ್ಕೆ. ಅವರ ಮಗ, ನನಗಿಂತ ಮೂರು ತಿಂಗಳು ಚಿಕ್ಕವನು, ಎದುರು ತಂಡದ ಡಿಫೆಂಡರ್. ಪಂದ್ಯ ಶುರುವಾಗಿ ಹತ್ತು ನಿಮಿಷವೂ ಆಗಿರಲಿಲ್ಲ. ಚೆಂಡು ನನ್ನ ಕಾಲಲ್ಲಿತ್ತು, ಇಬ್ಬರು ಮೇಲೆ ಬಿದ್ದಿದ್ದರು, ಹಿಂದಿನಿಂದ ಪ್ರೀತಿಯ ದನಿಯೊಂದು ಬಂತು.

"ಬಾವ, ಇಲ್ಲಿ! ಬಾವ, ಇತ್ತ ಕೊಡು!"

ಕೊಟ್ಟೆ. ಇಡೀ ಸೀಸನ್ನಿನಲ್ಲಿ ನಾನು ಕೊಟ್ಟ ಅತ್ಯಂತ ಅಚ್ಚುಕಟ್ಟಾದ ಪಾಸ್ ಅದು. ಅವನು ಅದನ್ನು ಉದ್ದಕ್ಕೆ ಒದ್ದ, ಅವರ ಹುಡುಗನೊಬ್ಬ ಓಡಿಹೋಗಿ ನಮ್ಮ ಗೋಲಿಗೆ ಸೇರಿಸಿದ.

ಕವಲಂದೆಯವನಾದ ನಮ್ಮ ಗೋಲ್‌ಕೀಪರ್ ಅಷ್ಟು ದೂರದಿಂದ ಓಡಿ ಬಂದ. "ಯಾರ್ಗ್ಲಾ ಕೊಟ್ಟೆ?"

"ಬಾವ ಅಂದ ಕಣ್ಲಾ..."

"ಯಾರ್ಲಾ ಬಾವ ಅಂದಿದ್ದು?"

"ನನ್ ಬಾಮೈದ."

ಬದನವಾಳಿನ ನಮ್ಮ ಕ್ಯಾಪ್ಟನ್ ರೆಫರಿಯ ಹತ್ತಿರ ದೂರು ಒಯ್ದ. "ಸಾ, ಅವ್ರು ನಮ್ ತರಾನೇ ಕೂಗ್ತಾವ್ರೆ ಸಾ."

"ಮತ್ತೇನು ತಮಿಳಲ್ಲಿ ಕೂಗ್ಬೇಕೇನಪ್ಪಾ? ಹೋಗು, ಆಡು."

ಅರ್ಧ ಸಮಯಕ್ಕೆ ಮೂರು ಗೋಲು ತಿಂದಿದ್ದೆವು. ಮೇಷ್ಟ್ರು ಭಾವ, ಮಾವ, ಬೀಗ ಎಲ್ಲವನ್ನೂ ನಿಷೇಧಿಸಿದರು. "ಬೆನ್ನ ಮೇಲೆ ನಂಬರ್ ಯಾತಕ್ಕೈತೆ? ನಂಬರ್ ಕೂಗ್ರಿ!"

ಕೂಗಿದೆವು. ಕವಲಂದೆಯ ಗೋಲ್‌ಕೀಪರ್ ಹತ್ತನೇ ನಂಬರಿನವನನ್ನು "ಅತ್ತು! ಅತ್ತು!" ಎಂದು ಕರೆದಾಗಲೆಲ್ಲ ಗೆರೆಯಾಚೆ ನಿಂತಿದ್ದವರು "ಯಾರಪ್ಪಾ ಅತ್ತಿದ್ದು, ಪಾಪ" ಎನ್ನುತ್ತಿದ್ದರು. ನನ್ನದು ಏಳು. ಎಷ್ಟು ಸಲ ಕೂಗಿದರೂ ಚೆಂಡು ನನ್ನನ್ನು ಮುಟ್ಟುವ ಮೊದಲೇ ಯಾರದೋ ಪಾಲಾಗುತ್ತಿತ್ತು. ರೆಫರಿ ಗಡಿಯಾರ ನೋಡಿಕೊಳ್ಳತೊಡಗಿದರು. ನನ್ನ ಕಣ್ಣಿಗೆ ಗಡಿಯಾರವೇ ಕಾಣುತ್ತಿತ್ತು.

ಕೊನೆಗೊಮ್ಮೆ ಚೆಂಡು ಸಿಕ್ಕಿ, ಅವರ ಗೋಲಿನ ಮುಂದೆ ನುಗ್ಗಿದೆ. ಭಾಮೈದ ಅಡ್ಡ ಬಂದ. ಇಬ್ಬರೂ ಢಿಕ್ಕಿ ಹೊಡೆದು ಒಬ್ಬರ ಪಕ್ಕ ಒಬ್ಬರು ಬಿದ್ದೆವು. ಚೆಂಡು ಉರುಳಿ ಪಕ್ಕದ ಗೆರೆಯ ಹತ್ತಿರ ನಮ್ಮ ಕ್ಯಾಪ್ಟನ್‌ಗೆ ಸಿಕ್ಕಿತು. ಅವನು ನನ್ನನ್ನು ನೋಡಿ ಗಂಟಲು ಹರಿಯುವಂತೆ ಕೂಗಿದ:

"ಏಳು! ಏಳು!"

ನಂಬರ್ ಕರೆಯುತ್ತಿದ್ದಾನೆಂದು ನಾನು ಮಲಗಿದ್ದಲ್ಲೇ ಕೈ ಎತ್ತಿ "ಇಲ್ಲಿವ್ನಿ" ಅಂದೆ. ಯಾರೋ ಏಳು ಎಂದು ಹೇಳುತ್ತಿದ್ದಾರೆಂದು ನನ್ನ ಭಾಮೈದ, ಪಾಪ, ಎದ್ದ. ಕ್ಯಾಪ್ಟನ್ ಒದ್ದ, ಗೋಲಿನ ಮುಂದೆ ಅಡ್ಡಡ್ಡ ಹೋಗಬೇಕಿದ್ದ ಚೆಂಡು ಆಗತಾನೇ ಮೇಲೆದ್ದ ಆ ಬೆನ್ನಿಗೆ ಬಡಿದು, ದಿಕ್ಕು ಬದಲಿಸಿ, ಅವರದೇ ಗೋಲೊಳಕ್ಕೆ ಉರುಳಿತು.

ಮೂರು ಒಂದರಿಂದ ಸೋತು ನಾವು ಕುಣಿದ ಕುಣಿತ ನೋಡಿ ಗೆದ್ದವರು ಸ್ಕೋರ್ ಬೋರ್ಡನ್ನು ಎರಡೆರಡು ಸಲ ಓದಿದರು. ನಾನೊಬ್ಬ ಮಾತ್ರ ಮೇಷ್ಟ್ರ ಮುಖ ನೋಡುತ್ತಿದ್ದೆ. ಅವರು ರೆಫರಿಯ ಹಾಳೆ ಇಸಿದುಕೊಂಡು ಓದಿದರು. ಅದರಲ್ಲಿ ಸೆಲ್ಫ್ ಗೋಲ್ ಎಂದಿತ್ತು. ಹಾಳೆ ವಾಪಸ್ ಕೊಟ್ಟು ಬಸ್ ಹತ್ತಿದರು.

ನಂಜನಗೂಡಿನ ಸ್ಟ್ಯಾಂಡಿನಲ್ಲಿ ಇಳಿಯುವಾಗ ತಿರುಗಿದರು.

"ಸೋಮವಾರ ಬೆಳಿಗ್ಗೆ ಆರೂವರೆಗೆ ಎಲ್ರೂ ಗ್ರೌಂಡಲ್ಲಿರ್ಬೇಕು."

ಕೇಳಲು ಭಯವಾಯಿತು, ಕೇಳಿದೆ. "ಯಾವ್ ಆಟಕ್ಕೆ ಸಾ?"

"ಶೂ ಹಾಕ್ಕೊಂಡ್ ಬನ್ನಿ" ಅಂದರು.

ನಮ್ಮ ಕಾಲೇಜಿನ ಮಣ್ಣಿನ ಅಂಕಣದಲ್ಲಿ ಕಬಡ್ಡಿಯನ್ನು ಬರಿಗಾಲಲ್ಲೇ ಆಡುವುದು.