ಎರಡಲ್ಲ, ಎರಡೂವರೆ

ಮಧ್ಯಾಹ್ನದ ಹೊತ್ತಿಗೆ ನಮ್ಮ ಭೌತಶಾಸ್ತ್ರದ ಮೇಷ್ಟ್ರ ಪಾದಗಳು ಊದಿಕೊಂಡು ಬೂಟು ಬಿಗಿಯಾಗಿಬಿಡುತ್ತಿತ್ತು. ಬೂಟನ್ನು ಮೇಜಿನ ಕೆಳಗೆ ಬಿಚ್ಚಿಟ್ಟು ಬರಿಗಾಲಲ್ಲಿ ನಿಂತು ಪಾಠ ಮಾಡುತ್ತಿದ್ದರು. ಹಿಂದಿನ ಬೆಂಚಿನವರು ನಗುವುದು ಅವರಿಗೆ ಗೊತ್ತಿತ್ತು. ಅದಕ್ಕೆಲ್ಲ ತಲೆಕೆಡಿಸಿಕೊಳ್ಳುವ ತ್ರಾಣ ಇರಲಿಲ್ಲ.

ಅರವತ್ತರ ದಶಕದ ಮಾತು. ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಮ್ಮ ಬೀದಿಯ ಕೊನೆಯ ಮನೆ ಮೇಷ್ಟ್ರದು. ಕಾಲೇಜಿನಲ್ಲಿ ಅವರು ಬರೆಸುತ್ತಿದ್ದ ನೋಟ್ಸು ಅಣ್ಣನಿಂದ ತಮ್ಮನಿಗೆ, ಮನೆಯಿಂದ ಮನೆಗೆ ಸಾಗುತ್ತಿತ್ತು. ಪುಸ್ತಕ ತೆರೆಯುವವರೇ ಇರಲಿಲ್ಲ. ನಾನು ದೊಡ್ಡಪ್ಪನ ಮಗನ ಹಳೆಯ ನೋಟ್ಸು ಉರು ಹೊಡೆದವನು.

ಟೆಸ್ಟಿನಲ್ಲಿ ಹೀಗೊಂದು ಲೆಕ್ಕ ಬಂತು. ಒಂದೊಂದು ಗ್ರಾಂನ ಎರಡು ಜೇಡಿಮಣ್ಣಿನ ಉಂಡೆಗಳು ಬೆಳಕಿನ ವೇಗದ ಐದರಲ್ಲಿ ಮೂರು ಪಾಲು ವೇಗದಲ್ಲಿ ಎದುರುಬದುರಾಗಿ ಬಂದು, ಡಿಕ್ಕಿ ಹೊಡೆದು, ಅಂಟಿಕೊಂಡು ನಿಲ್ಲುತ್ತವೆ. ಒಟ್ಟು ಉಂಡೆ ಎಷ್ಟು ಗ್ರಾಂ? ‘ಎರಡು. ಓಟದ ಶಕ್ತಿ ಶಾಖವಾಗಿ ಹೋಯಿತು’ ಎಂದು ಬರೆದೆ. ಸೊನ್ನೆ ಬಂತು. ಸಿಟ್ಟಿನಿಂದ ನೋಟ್ಸನ್ನು ಅವರ ಮನೆಗೇ ಹೊತ್ತುಕೊಂಡು ಹೋದೆ.

"ನೀವೇ ಬರೆಸಿದ್ದು ಸಾರ್."

ಎರಡು ಸಲ ಓದಿದರು. ಕನ್ನಡಕ ತೆಗೆದು ನೋಟ್ಸಿನ ಮೇಲಿಟ್ಟರು.

"ಎರಡರ ಸಂವೇಗ ಒಂದಕ್ಕೊಂದು ಕಳೆದು ಸೊನ್ನೆ ಆಗುತ್ತೆ, ಉಂಡೆ ನಿಂತುಬಿಡುತ್ತೆ, ಸರಿ. ಆದ್ರೆ ಶಕ್ತಿ ಎಲ್ಲಿಗೂ ಹೋಗಿಲ್ಲ ಕಣಯ್ಯ. ಶಾಖ ಆಗಿ ಉಂಡೆ ಒಳಗೇ ಕೂತಿದೆ. ಅದೂ ದ್ರವ್ಯರಾಶಿನೇ. ಎರಡಲ್ಲ, ಎರಡೂವರೆ. ಇದು ಬರೆಸಿದ ವರ್ಷ ಮಗಳು ಆಸ್ಪತ್ರೇಲಿದ್ಲು, ನಿದ್ದೆಗಣ್ಣಲ್ಲಿ ಬರೆಸಿದೀನಿ. ನಿನ್ನ ಸೊನ್ನೆ ನಂದು."

ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. ಆ ವರ್ಷದ ಹದಿನೆಂಟು ಹುಡುಗರ ವಿಳಾಸ ಹುಡುಕಿ, ಭಾನುವಾರ ಬಂದರೆ ಕೆಂಪು ಶಾಯಿಯ ಪೆನ್ನು ಜೇಬಿಗಿಟ್ಟು ಹೊರಡತೊಡಗಿದರು. ಕಾಲಿನ ಊತ ಹೃದಯದ್ದು, ಓಡಾಡಬಾರದು ಎಂದು ಡಾಕ್ಟರು ಹೇಳಿದ್ದರು.

"ಕ್ಲಾಸಲ್ಲಿ ಹೇಳಿದ್ರೆ ಸಾಲ್ದೇನ್ರೀ?" ಎಂದರು ಅವರ ಹೆಂಡತಿ.

"ಆ ಕ್ಲಾಸಿನೋರು ಯಾರೂ ಈಗ ಕ್ಲಾಸಲ್ಲಿಲ್ಲ."

ನೋಟ್ಸು ತಂದು ಈ ರಗಳೆ ಎಬ್ಬಿಸಿದವನು ನಾನೇ ಆದ್ದರಿಂದ ಜೊತೆಗೆ ಹೋಗುತ್ತಿದ್ದೆ. ಪುಟ್ಟೇನಹಳ್ಳಿಯಲ್ಲಿ ಒಬ್ಬ ಓದು ಬಿಟ್ಟು ರಾಗಿ ಹೊಲ ನೋಡಿಕೊಂಡಿದ್ದ. ಅಟ್ಟದಿಂದ ನೋಟ್ಸು ಇಳಿಸಿಕೊಟ್ಟು, "ನಂಗ್ಯಾಕೆ ಸಾರ್ ಈಗ ಇದೆಲ್ಲ?" ಎಂದ.

"ನಿಂಗೆ ಬೇಡ ಕಣಪ್ಪ. ನನ್ನ ತಪ್ಪು ನಿನ್ನ ಮನೇಲಿದೆ, ಅದಕ್ಕೆ ಬಂದೆ" ಎಂದರು ಮೇಷ್ಟ್ರು. ತಿದ್ದಿ, ಅವನ ತಾಯಿ ಕೊಟ್ಟ ಮಜ್ಜಿಗೆ ಕುಡಿದು, ಜಗಲಿಯ ಮೇಲೆ ಅರ್ಧ ಗಂಟೆ ಮಲಗಿಬಿಟ್ಟರು. ವಾಪಸು ಬರುವಾಗ ನನ್ನ ಹೆಗಲು ಹಿಡಿದೇ ನಡೆದರು.

ಹದಿನೇಳು ನೋಟ್ಸು ಮುಗಿದವು. ಉಳಿದದ್ದು ಬೇಗೂರಿನವನದೊಂದು. ಅಷ್ಟರಲ್ಲಿ ಹಾಸಿಗೆ ಹಿಡಿದರು. "ನೀನೇ ಹೋಗಿ ತಿದ್ದಿ ಬಾ" ಎಂದರು. ನನಗೂ ಸಾಕಾಗಿತ್ತು. ಪರೀಕ್ಷೆ ಹತ್ತಿರವಿತ್ತು. ಎರಡು ದಿನ ಬಿಟ್ಟು ಹೋಗಿ, "ಆಯ್ತು ಸಾರ್" ಎಂದು ಸುಳ್ಳು ಹೇಳಿದೆ.

"ಏನಂದ?"

"ಏನೂ ಅನ್ಲಿಲ್ಲ ಸಾರ್."

ತಲೆಯಾಡಿಸಿ ಗೋಡೆಯ ಕಡೆ ತಿರುಗಿಕೊಂಡರು. ಅದೇ ವಾರ ತೀರಿಕೊಂಡರು.

ವೈಕುಂಠ ಸಮಾರಾಧನೆ ಮುಗಿದ ಮಾರನೇ ದಿನ, ತಡೆಯಲಾರದೆ ಸೈಕಲ್ ತುಳಿದುಕೊಂಡು ಬೇಗೂರಿಗೆ ಹೋದೆ. ಅವನು ಅದೇ ಪುಟ ತೆಗೆದು ತೋರಿಸಿದ. ‘ಎರಡು’ ಎಂಬುದನ್ನು ಹೊಡೆದು ಪಕ್ಕದಲ್ಲಿ ಪೆನ್ಸಿಲಿನಿಂದ ಎರಡೂವರೆ ಎಂದು ಬರೆದಿತ್ತು.

"ಅವತ್ತು ಕ್ಲಾಸಲ್ಲೇ ಗೊತ್ತಾಯ್ತು. ಸಾರ್ ತುಂಬಾ ಸುಸ್ತಾಗಿದ್ರು. ಎದ್ದು ಹೇಳೋಕೆ ಮನಸ್ಸು ಬರ್ಲಿಲ್ಲ" ಎಂದ.

ಮೇಷ್ಟ್ರು ಹೋಗೆಂದ ದಿನವೇ ಇಲ್ಲಿಗೆ ಬಂದಿದ್ದರೆ, ಅವರು "ಏನಂದ?" ಎಂದು ಕೇಳಿದಾಗ ಹೇಳಲು ನನ್ನ ಬಳಿ ಇದೊಂದು ಮಾತಿರುತ್ತಿತ್ತು.