ನಾಗಕ್ಕನ ದವಡೆ

ಎಪ್ಪತ್ತು ದಾಟಿದವಳ ಮೈಯಲ್ಲಿ ಸದ್ದು ಮಾಡದ ಕೀಲು ಒಂದಾದರೂ ಇದ್ದರೆ ಅದೇ ಆಶ್ಚರ್ಯ. ಮೊಣಕಾಲು ಕಟಕಟ ಅಂದರೆ ನಾನು ತಲೆ ಕೆಡಿಸಿಕೊಳ್ಳುವವಳಲ್ಲ. ಆದರೆ ಮೊನ್ನೆ ಬೆಳಿಗ್ಗೆ ಆಕಳಿಸಿದಾಗ ಕಿವಿಯ ಮುಂದೆ ‘ಕಟಕ್’ ಅಂದಿತು ನೋಡಿ, ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟೆ. ಆ ಸದ್ದು ನನಗೆ ಗೊತ್ತಿತ್ತು. ಐವತ್ತು ವರ್ಷದ ಹಿಂದೆ ಅದನ್ನು ನಾಗಕ್ಕನ ದವಡೆಯಲ್ಲಿ ಕೇಳಿದ್ದೆ.

ನಾಗಕ್ಕ ನನ್ನ ಓರಗಿತ್ತಿ, ಭಾವನವರ ಹೆಂಡತಿ. ನಂಗಲಿ ಕಡೆಯವಳು, ಕೋಪ ಬಂದರೂ ತೆಲುಗು, ಪ್ರೀತಿ ಬಂದರೂ ತೆಲುಗು. ವಕ್ಕಲೇರಿಯ ಆ ಮನೆಗೆ ನಾನು ಸೊಸೆಯಾಗಿ ಬಂದಾಗ ಗಂಟಿಲ್ಲದಂತೆ ಮುದ್ದೆ ತೊಳಸುವುದನ್ನು ಕಲಿಸಿದವಳು ಅವಳೇ. ತಿಂಗಳೊಳಗೆ ನನ್ನ ಮುದ್ದೆ ಅವಳದಕ್ಕಿಂತ ನುಣ್ಣಗಾಯಿತು. ನನ್ನ ಜಂಬವನ್ನು ಕೇಳಬೇಡಿ.

ಮುದ್ದೆ ಉಣ್ಣುವುದಕ್ಕೂ ನಮ್ಮಲ್ಲಿ ಒಂದು ಮರ್ಯಾದೆ ಉಂಟು. ದಪ್ಪ ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಗುಳುಕ್ಕನೆ ನುಂಗಬೇಕು. ಅಗಿದವರನ್ನು ಕಂಡರೆ ಇಡೀ ಪಂಕ್ತಿ ನಗುತ್ತದೆ. ನೀವು ಈ ಕಡೆಯವರಾದರೆ ನೀವೂ ನಕ್ಕಿರುತ್ತೀರಿ.

ಯುದ್ಧದ ಕಾಲ. ನಾಗಕ್ಕನ ಮಡಿಲಲ್ಲಿ ಆರು ತಿಂಗಳ ಗಂಡು ಕೂಸು. ಅವಳಿಗೆ ಕಿವಿಯ ಮುಂದೆ ನೋವು ಶುರುವಾಯಿತು. ಬಾಯಿ ತೆರೆದರೆ ಕಟಕ್, ಮುಚ್ಚಿದರೆ ಕಟಕ್. ಕೋಲಾರದ ಹಲ್ಲು ಡಾಕ್ಟರ ಹತ್ತಿರ ಗಾಡಿ ಕಟ್ಟಿಕೊಂಡು ಹೋದೆವು. ಅವರು ಎಲ್ಲಿಂದಲೋ ಬಂದು ನೆಲೆಸಿದವರು, ಅನ್ನ ಉಣ್ಣುವ ಜನ. ಬಂದವರದೆಲ್ಲ ಹಲ್ಲುನೋವೇ ಆಗಿರುತ್ತಿದ್ದರಿಂದ ಇದೂ ಹಲ್ಲೇ ಅಂದುಕೊಂಡರು. ಹುಳುಕಿಲ್ಲದ ಎರಡು ದವಡೆಹಲ್ಲು ಕಿತ್ತರು. ನೋವು ಇದ್ದಲ್ಲೇ ಇತ್ತು. ಎರಡನೆಯ ಸಲ ಹೋದಾಗ ಅವಳ ಎರಡೂ ಕಿವಿಗಳ ಮುಂದೆ ಬೆರಳಿಟ್ಟು, ಬಾಯಿ ತೆರೆಸಿ ಮುಚ್ಚಿಸಿ ನೋಡಿದರು.

“ತಪ್ಪಾಯ್ತಮ್ಮ. ಇದು ಹಲ್ಲಲ್ಲ, ಕೀಲು. ಉಪ್ಪಿನ ಶಾಖ ಕೊಡಿ. ಆರು ವಾರ ಅಗಿಯೋ ಕೆಲಸ ಬೇಡ, ಮೆತ್ತಗಿರೋದು ತಿನ್ನಿ,” ಎಂದರು.

ವಾಪಸು ಬರುವಾಗ ಗಾಡಿಯಲ್ಲಿ ನಾಗಕ್ಕ, “ಅಗೀಬಾರದಂತೆ ಕಣೇ. ನಾವು ಯಾವತ್ತು ಅಗಿದಿದ್ದೀವಿ?” ಎಂದು ದವಡೆ ಹಿಡಿದುಕೊಂಡೇ ನಕ್ಕಳು.

ಅಕ್ಕಿ ಆಗ ಸುಲಭಕ್ಕೆ ಸಿಗುತ್ತಿರಲಿಲ್ಲ. “ಮುದ್ದೆ ಉಂಡ್ರೆ ತಾನೆ ಎದೇಲಿ ಹಾಲು ನಿಲ್ಲೋದು,” ಎಂದರು ಅತ್ತೆ. ಮುದ್ದೆಗಿಂತ ಮೆತ್ತಗಿರುವುದು ಏನಿದೆ? ನಾನು ಹೊತ್ತುಹೊತ್ತಿಗೆ ಮಾಡಿ ಹಾಕಿದೆ. ಅವಳು ಪ್ರತಿ ತುತ್ತಿಗೂ ಬಾಯಗಲಿಸಿ, ಕಣ್ಣು ಮುಚ್ಚಿ ನುಂಗುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಗೋಡೆಯ ಕಡೆ ತಿರುಗಿ ಕೂತು, ಅವರೆಕಾಳಿನಷ್ಟು ಚಿವುಟಿ, ಮುಂದಿನ ಹಲ್ಲಿನಲ್ಲಿ ಅಗಿಯುತ್ತಿದ್ದಳು. ನನ್ನ ಹಾಳು ನಾಲಿಗೆ ಸುಮ್ಮನಿರಲಿಲ್ಲ. “ನೋಡಿ ಅತ್ತೆ, ಅಕ್ಕ ಪಟ್ಟಣದೋರ ಥರ ಅಗೀತಾಳೆ,” ಎಂದೆ. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಾಗಕ್ಕನ ಮುಖ ಕೆಂಪಾಯಿತು. “ಊರ್ಕೋವೇ, ಸುಮ್ನಿರು,” ಎಂದವಳೇ ದೊಡ್ಡ ತುತ್ತು ಮುರಿದು ಬಾಯಿ ತೆರೆದಳು. ಕಟಕ್ ಎಂದಿತು. ತೆರೆದ ಬಾಯಿ ಮತ್ತೆ ಮುಚ್ಚಲಿಲ್ಲ.

ಕೋಲಾರದವರೆಗೂ ಜೊಲ್ಲು ಸುರಿಯುತ್ತಲೇ ಇತ್ತು. ಕೂಸು ನನ್ನ ತೊಡೆಯ ಮೇಲೆ ಹಾಲಿಗಾಗಿ ಅರಚುತ್ತಿತ್ತು. ಡಾಕ್ಟರು ಹೆಬ್ಬೆರಳಿಗೆ ಬಟ್ಟೆ ಸುತ್ತಿ, ಕೆಳದವಡೆಯನ್ನು ಒಳಗಿಂದ ಅದುಮಿ ಹಿಂದಕ್ಕೆ ತಳ್ಳಿದರು. ಕೀಲು ಕೂತಿತು. ಏನು ತಿಂದಳು ಎಂದು ಕೇಳಿದಾಗ ತುತ್ತಿನ ಗಾತ್ರವನ್ನು ಕೈಯಲ್ಲಿ ತೋರಿಸಿದೆ. ಅವರು ನನ್ನ ಕೈಯನ್ನೇ ನೋಡಿದರು.

“ಇಷ್ಟು ದಪ್ಪ ಅಂತ ನನಗೆ ಗೊತ್ತಿರಲಿಲ್ಲ ತಾಯಿ. ಕೇಳಬೇಕಿತ್ತು,” ಎಂದರು.

ಗಲ್ಲಕ್ಕೂ ತಲೆಗೂ ಸೇರಿಸಿ ಕಟ್ಟು ಹಾಕಿದರು. ಕಟ್ಟು ಬಿಚ್ಚಿದ ಮೇಲೂ ನಾಗಕ್ಕ ಹೆದರಿಕೆಗೆ ಬಾಯಿ ತೆರೆಯಲಿಲ್ಲ. ತುಟಿಯ ಸಂದಿಯಲ್ಲಿ ಹೋದಷ್ಟೇ ಗಂಜಿ. ಎದೆಹಾಲು ಬತ್ತಿತು. ಕೂಸಿಗೆ ಮೇಕೆಹಾಲು ಕುಡಿಸಿದೆವು; ಒಗ್ಗಲಿಲ್ಲ, ಭೇದಿ ಹತ್ತಿತು. ಎಂಟು ದಿನ ಜೀವ ಹಿಡಿದುಕೊಂಡಿತ್ತು, ಅಷ್ಟೇ. ಅದನ್ನು ಮಣ್ಣು ಮಾಡಲು ಎತ್ತಿಕೊಂಡು ಹೋದಾಗ ನಾಗಕ್ಕ ಬಾಯಿಬಿಟ್ಟು ಅಳಲೂ ಹೆದರಿ, ದವಡೆಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದುಕೊಂಡು ಅತ್ತಳು.

ಆಮೇಲೂ ಬಹಳ ವರ್ಷ ಬದುಕಿದಳು. ನಾನು ಆಡಿಕೊಂಡ ಮಾತನ್ನು ಒಂದು ದಿನವೂ ಎತ್ತಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ನಿನ್ನೆ ಕೋಲಾರಕ್ಕೆ ಹೋಗಿದ್ದೆ. ಹಲ್ಲಿನ ಡಾಕ್ಟರು ಈಗ ಚಿಕ್ಕ ಹುಡುಗಿ. ಕಿವಿಯ ಮುಂದೆ ಬೆರಳಿಟ್ಟು ನೋಡಿ, “ಗಾಬರಿ ಬೇಡ ಅಜ್ಜಿ, ಮೆತ್ತಗಿರೋದು ತಿನ್ನಿ,” ಎಂದಳು.

“ಎಷ್ಟು ದಪ್ಪ ತುತ್ತು ಅಂತ ಕೇಳು ತಾಯಿ,” ಎಂದೆ. ನಗುತ್ತಾ ಕೇಳಿದಳು. ನಾನು ಕೈಯಲ್ಲಿ ತೋರಿಸಿದೆ. ಅವಳ ನಗು ನಿಂತಿತು. ತುತ್ತು ಚಿಕ್ಕದಿರಲಿ ಎಂದು ಚೀಟಿಯಲ್ಲಿ ಇನ್ನೊಂದು ಸಾಲು ಬರೆದಳು.

ಮಧ್ಯಾಹ್ನ ಮುದ್ದೆಯನ್ನು ಅವರೆಕಾಳಿನಷ್ಟು ಚಿವುಟಿ ಬಾಯಿಗಿಟ್ಟುಕೊಂಡು, ಹುಟ್ಟಿದಾಗಿನಿಂದ ಮೊದಲ ಸಲ ಅಗಿದೆ. ಸೊಸೆ ನೋಡಿ ಕಿಸಕ್ಕನೆ ನಕ್ಕಳು. ನಾನು ಅಗಿಯುತ್ತಲೇ ಇದ್ದೆ. ಅವತ್ತು ನಾನು ಆಡಿಕೊಳ್ಳದೇ ಇದ್ದಿದ್ದರೆ ನಾಗಕ್ಕನೂ ಹೀಗೇ ಅಗಿಯುತ್ತಿದ್ದಳು.